ಧಾರವಾಡ ಪರ್ವತಪಟ್ಟಿಯ ಭೂವೈಜ್ಞಾನಿಕ ನಕ್ಷೆ: ಮುರಗೋಡ ಸೀಮೆ ಮತ್ತು ಮಡಗಾಸ್ಕರ್

ಧಾರವಾಡ ಪರ್ವತಪಟ್ಟಿ ಎಂಬುದು ಸುಮಾರು 340ರಿಂದ 250 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಹುಟ್ಟಿ, ಮಡಿಕೆಗೊಂಡು ಮೇಲೆದ್ದು, ಬಳಿಕ ಬುಡದವರೆಗೂ ಸವೆದುಹೋದ ನೈಸ್, ಷಿಸ್ಟ್ ಮತ್ತು ಗ್ರಾನೈಟ್ ಶಿಲೆಗಳ ವಲಯ. ಇದರ ದೊಡ್ಡ ಪಾಲು ಕರ್ನಾಟಕದಲ್ಲಿದೆ. ಚಿಕ್ಕ ಪಾಲೊಂದು ಸುಮಾರು 4,000 ಕಿ.ಮೀ. ಆಚೆ, ಈಶಾನ್ಯ ಮಡಗಾಸ್ಕರ್‌ನಲ್ಲಿದೆ. ಇದರ ಭೂವೈಜ್ಞಾನಿಕ ನಕ್ಷೆಯು ಶಿಲೆಗಳ ಹರವು, ಒಂದು ಶಿಲೆ ಇನ್ನೊಂದಕ್ಕೆ ತಾಗುವ ಗೆರೆಗಳು, ಪದರಗಳು ಸಾಗುವ ದಿಕ್ಕು ಮತ್ತು ಅವುಗಳ ಇಳಿಜಾರನ್ನು ದಾಖಲಿಸುತ್ತದೆ. ಬೆಳಗಾವಿ ಜಿಲ್ಲೆಯ ಮುರಗೋಡ ಮತ್ತು ಅದರ ಸುತ್ತಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪ್ರದೇಶಗಳು ಈ ಪಟ್ಟಿ ಕಣ್ಣಿಗೆ ಕಾಣುವ ಉತ್ತರದ ಅಂಚಿನಲ್ಲಿವೆ. ಹಳೆಯ ಪರ್ವತದ ಬುಡ, ಅದರ ಮೇಲೆ ಕೂತ ಕಲಾದಗಿ ಪದರಗಳು, ಎಲ್ಲದರ ಮೇಲೆ ಹರಿದು ಹೆಪ್ಪುಗಟ್ಟಿದ ದಖ್ಖನ್ ಲಾವಾ, ಈ ಮೂರೂ ಇಲ್ಲಿ ಒಂದೇ ಸೀಮೆಯಲ್ಲಿ ಸಿಗುತ್ತವೆ. ಎರಡು ಖಂಡಗಳಿಗೆ ಹಂಚಿಹೋದ ಪರ್ವತವನ್ನು ಬರೀ ಕಲ್ಲಿನ ಹೋಲಿಕೆ ನೋಡಿ ಜೋಡಿಸಿದರೆ ಆ ಜೋಡಣೆ ನಿಲ್ಲುವುದಿಲ್ಲ. ಘಟನೆಗಳು ನಡೆದ ಅನುಕ್ರಮವನ್ನು ಎರಡೂ ಕಡೆ ತಾಳೆ ನೋಡಬೇಕು. ಆ ಅನುಕ್ರಮ ತಿಳಿಯುವುದು ಶಿಲೆಗಳು ಒಂದನ್ನೊಂದು ತಾಗುವ ಗೆರೆಗಳಿಂದ. ಈ ಲೇಖನವು ಆ ವಾದವನ್ನು ಮುರಗೋಡ ಸೀಮೆಯ ಸಾಕ್ಷ್ಯದಿಂದ ಪರಿಶೀಲಿಸುತ್ತದೆ.

ಪರಿಭಾಷೆ

ಇಲ್ಲಿ ಕ್ರೇಟಾನ್ ಎಂದರೆ ಬಹುಕಾಲದಿಂದ ದೊಡ್ಡ ಕದಲಿಕೆಗೆ ಒಳಗಾಗದ ಹಳೆಯ ಭೂಖಂಡದ ತುಂಡು. ಷಿಸ್ಟ್ ಪಟ್ಟಿ ಎಂದರೆ ಲಾವಾ, ಮರಳು, ಕೆಸರು ಮೊದಲಾದವು ಒತ್ತಡ ಮತ್ತು ಕಾವಿನಿಂದ ರೂಪಾಂತರಗೊಂಡು ಉದ್ದುದ್ದ ಸಾಲುಗಳಾಗಿ ಉಳಿದ ಭಾಗ. ಹಳೆಯ ಶಿಲೆ ಸವೆದು ಬಯಲಾದ ಮೇಲೆ ಅದರ ಮೇಲೆ ಹೊಸ ಪದರ ಕೂತಾಗ ಎರಡರ ನಡುವೆ ಉಂಟಾಗುವ ಕಾಲದ ಬಿರುಕಿಗೆ ಅನನುರೂಪತೆ ಎಂದು ಹೆಸರು. ಬೇರೆ ಬೇರೆ ಭೂಖಂಡಗಳು ಡಿಕ್ಕಿಯಾಗಿ ಒಂದಾದ ಸಂದು ಬೆಸುಗೆ ವಲಯ. ಪದರ ಸಾಗುವ ದಿಕ್ಕಿಗೆ ಸ್ಟ್ರೈಕ್, ಅದು ಒಳಗಿಳಿಯುವ ಕೋನಕ್ಕೆ ಡಿಪ್ ಎಂಬ ರೂಢಿಯ ಪದಗಳನ್ನೇ ಬಳಸಲಾಗಿದೆ.

‘ಪರ್ವತಪಟ್ಟಿ’ ಎಂಬ ಹೆಸರು ಧಾರವಾಡಕ್ಕೆ ಒಪ್ಪುತ್ತದೆಯೇ ಎಂಬುದು ತೀರ್ಮಾನವಾದ ವಿಷಯವಲ್ಲ. ಚಾಡ್ವಿಕ್, ವಾಸುದೇವ್ ಮತ್ತು ಹೆಗ್ಡೆ 2000ದಲ್ಲಿ ಮಂಡಿಸಿದ ವ್ಯಾಖ್ಯಾನದ ಪ್ರಕಾರ ಇದು ಎರಡು ಭೂಫಲಕಗಳು ಓರೆಯಾಗಿ ಒಂದರ ಕಡೆಗೊಂದು ಸರಿದು ಮೂಡಿದ ರಚನೆ, ಅಂದರೆ ಇಂದಿನ ಪರ್ವತಗಳು ಏಳುವ ಬಗೆಗೆ ಹತ್ತಿರವಾದದ್ದು. ಹೊಳೆನರಸೀಪುರ ಮೊದಲಾದ ಕಡೆ ಕೆಲಸ ಮಾಡಿದ ಇತರರು ಬೇರೆ ಮಾತು ಹೇಳುತ್ತಾರೆ. ಭಾರವಾದ ಲಾವಾ ರಾಶಿ ಕೆಳಗೆ ಕುಸಿದು, ಹಗುರವಾದ ಬಿಸಿ ನೈಸ್ ಗುಮ್ಮಟದಂತೆ ಉಬ್ಬಿ ಮೇಲೆ ಬಂತು ಎಂಬುದು ಅವರ ವಾದ. ಹಾಗಾದರೆ ಅಕ್ಕಪಕ್ಕದ ತಳ್ಳಾಟದ ಅಗತ್ಯವೇ ಇಲ್ಲ. ಈ ಲೇಖನ ‘ಪರ್ವತಪಟ್ಟಿ’ ಎಂಬುದನ್ನು ಸೀಮಿತ ಅರ್ಥದಲ್ಲಿ ಬಳಸುತ್ತದೆ: ಮಡಿಕೆಗೊಂಡು, ದಪ್ಪವಾಗಿ, ಮೇಲೆದ್ದು ಸವೆದ ತೊಗಟೆ. ಈ ಮೂರು ಸಂಗತಿಗಳನ್ನು ಎರಡೂ ಪಕ್ಷದವರು ಒಪ್ಪುತ್ತಾರೆ.

ಉಗಮ

ಪಟ್ಟಿಯ ತಳದಲ್ಲಿರುವುದು ಪರ್ಯಾಯದ್ವೀಪದ ನೈಸ್. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದರ ಪರಿಚಿತ ಮಾದರಿ. ಪಟ್ಟಿಯ ಪಶ್ಚಿಮ ಭಾಗದಲ್ಲಿ, ಅಂದರೆ ಪಶ್ಚಿಮ ಧಾರವಾಡದಲ್ಲಿ, ಇದರ ಬಹುಭಾಗಕ್ಕೆ 340ರಿಂದ 300 ಕೋಟಿ ವರ್ಷ ವಯಸ್ಸು. ಇದರೊಳಗೆ ಸಿಕ್ಕಿಕೊಂಡ ಹಳೆಯ ಷಿಸ್ಟ್ ತುಣುಕುಗಳಿಗೆ ಸರಗೂರು ಸಮೂಹವೆಂದು ಹೆಸರು. ನೈಸ್ ತಣಿದು ಸವೆದ ಮೇಲೆ, ಸುಮಾರು 290 ಕೋಟಿ ವರ್ಷಗಳ ಹಿಂದಿನಿಂದ, ಅದರ ಬೆನ್ನ ಮೇಲೆ ಧಾರವಾಡ ಮಹಾಸಮೂಹ ಶೇಖರವಾಯಿತು. ಇದರಲ್ಲಿ ಕೆಳಗಿನದು ಬಾಬಾಬುಡನ್ ಸಮೂಹ, ಮೇಲಿನದು ಚಿತ್ರದುರ್ಗ ಸಮೂಹ. ಚಿತ್ರದುರ್ಗ ಸಮೂಹದ ಜ್ವಾಲಾಮುಖಿ ಶಿಲೆಗಳು ಸುಮಾರು 260 ಕೋಟಿ ವರ್ಷದವು. 250 ಕೋಟಿ ವರ್ಷಗಳ ಹೊತ್ತಿಗೆ ಇಡೀ ರಾಶಿ ಮಡಿಕೆಬಿದ್ದು, ಪೂರ್ವದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಒಳನುಗ್ಗಿ, ಕ್ರೇಟಾನ್ ಗಟ್ಟಿಯಾಯಿತು.

ಹಾಗೆ ಗಟ್ಟಿಯಾದ ತೊಗಟೆ ಆಮೇಲೆ ಉತ್ತರಕ್ಕೆ ವಾಲಿಕೊಂಡಿದೆ. ದಕ್ಷಿಣದಲ್ಲಿ ಸವೆತ ಹೆಚ್ಚಾಗಿ, ಕಬ್ಬಾಳದುರ್ಗದ ಸುತ್ತ ತೊಗಟೆಯ ಆಳದಲ್ಲಿ ಬೆಂದ ಚಾರ್ನೊಕೈಟ್ ಶಿಲೆಗಳು ಹೊರಬಿದ್ದಿವೆ. ಉತ್ತರಕ್ಕೆ ಬಂದಂತೆ ರೂಪಾಂತರದ ಮಟ್ಟ ಇಳಿಯುತ್ತದೆ. ಧಾರವಾಡ, ಕಿತ್ತೂರುಗಳ ಷಿಸ್ಟ್‌ಗಳು ಅಷ್ಟಾಗಿ ಬೇಯದೆ, ಮೂಲದ ಮರಳು–ಕೆಸರಿನ ಗುರುತನ್ನು ಇನ್ನೂ ಉಳಿಸಿಕೊಂಡಿವೆ. ಮೈಸೂರಿನ ದಕ್ಷಿಣದಿಂದ ಬೆಳಗಾವಿಯವರೆಗೆ ನಡೆದುಬಂದವನು ಒಂದೇ ಪರ್ವತದ ಬುಡದಿಂದ ಅದರ ಮೇಲ್ಭಾಗಕ್ಕೆ ಹತ್ತಿದಂತೆ. ಕಡಲಾಚೆಯ ತುಂಡಿನೊಂದಿಗೆ ಹೋಲಿಸುವಾಗ ಇದನ್ನು ಮರೆಯುವಂತಿಲ್ಲ. ಆಳದ ಭಾಗವನ್ನು ಮೇಲ್ಭಾಗದೊಂದಿಗೆ ಹೋಲಿಸಿದರೆ ಒಂದೇ ಪರ್ವತದ ಕಲ್ಲುಗಳೂ ಬೇರೆ ಬೇರೆಯಾಗಿ ಕಾಣುತ್ತವೆ.

ಮುರಗೋಡ ಸೀಮೆಯ ರಚನೆ

ಸರ್ವೇ ಆಫ್ ಇಂಡಿಯಾದ ಹಳೆಯ ಕ್ರಮಾಂಕದಲ್ಲಿ ಈ ಸೀಮೆ 48 ಐ ಮತ್ತು 48 ಎಂ ಎಂಬ ಎರಡು ಹಾಳೆಗಳಿಗೆ ಹಂಚಿಹೋಗಿದೆ. 75 ಡಿಗ್ರಿ ಪೂರ್ವ ರೇಖಾಂಶ ಸವದತ್ತಿಗೆ ತುಸು ಪಶ್ಚಿಮದಲ್ಲಿ ಹಾದುಹೋಗುತ್ತದೆ. ಕಿತ್ತೂರು, ಬೈಲಹೊಂಗಲ, ಮುರಗೋಡಗಳು ಒಂದು ಹಾಳೆಯಲ್ಲಿ, ಸವದತ್ತಿ, ರಾಮದುರ್ಗಗಳು ಇನ್ನೊಂದರಲ್ಲಿ. ಎರಡೂ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ನೋಡಿದಾಗ ಕಣ್ಣಿಗೆ ಹೊಡೆಯುವುದು ಎರಡು ದಿಕ್ಕಿನ ಗೆರೆಗಳು. ಕಿತ್ತೂರು ಕಡೆಯ ಧಾರವಾಡ ಷಿಸ್ಟ್‌ಗಳ ಸ್ಟ್ರೈಕ್ ಉತ್ತರ–ವಾಯವ್ಯದಿಂದ ದಕ್ಷಿಣ–ಆಗ್ನೇಯಕ್ಕೆ. ಶಿವಮೊಗ್ಗದಿಂದ ಗೋವಾದ ಕಡೆಗೆ ಸಾಗುವ ಉದ್ದನೆಯ ಪಟ್ಟಿಯ ಭಾಗವಿದು. ಸವದತ್ತಿ, ಮುನವಳ್ಳಿ, ರಾಮದುರ್ಗಗಳ ಗುಡ್ಡಸಾಲುಗಳಾದರೋ ಬಹುಮಟ್ಟಿಗೆ ಪೂರ್ವ–ಪಶ್ಚಿಮವಾಗಿ ಮಲಗಿವೆ. ಕಡಿದಾಗಿ ನಿಂತ ಹಳೆಯ ಪದರಗಳ ತಲೆಯನ್ನು ಅಡ್ಡಲಾಗಿ ಸವರಿ, ಆ ಬಯಲಿನ ಮೇಲೆ ಹೊಸ ಪದರಗಳನ್ನು ಹಾಸಿದರೆ ಮಾತ್ರ ಇಂಥ ಚಿತ್ರ ಮೂಡುತ್ತದೆ.

ಆ ಹೊಸ ಪದರಗಳೇ ಕಲಾದಗಿ ಮಹಾಸಮೂಹ. ಇದರಲ್ಲಿ ಎರಡು ಭಾಗಗಳಿವೆ: ಕೆಳಗೆ ಮಡಿಕೆಗೊಂಡ ಬಾಗಲಕೋಟೆ ಸಮೂಹ, ಅದರ ಮೇಲೆ ಬಹುತೇಕ ಮಟ್ಟಸವಾಗಿ ಉಳಿದ ಬಾದಾಮಿ ಸಮೂಹ. ಬಾಗಲಕೋಟೆ ಸಮೂಹದ ತಳದ ಶಿಲಾವರ್ಗಕ್ಕೆ ರಾಮದುರ್ಗದ ಹೆಸರು, ಅದರ ಮುಖ್ಯ ಶಿಲೆಗೆ ಸವದತ್ತಿ ಕ್ವಾರ್ಟ್ಜೈಟ್ ಎಂಬ ಹೆಸರು, ಅದರ ಮೇಲಿನ ನುಣುಪಾದ ಜೇಡಿಶಿಲೆಗೆ ಮುನವಳ್ಳಿಯ ಹೆಸರು, ಮುಂದಿನ ಶಿಲಾವರ್ಗವೊಂದಕ್ಕೆ ಯರಗಟ್ಟಿಯ ಹೆಸರು. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟೊಂದು ಊರುಗಳು ಭೂವಿಜ್ಞಾನದ ಕೋಷ್ಟಕಕ್ಕೆ ಹೆಸರು ಕೊಟ್ಟಿರುವುದು ಅಪರೂಪ. ಯಲ್ಲಮ್ಮನ ಗುಡ್ಡ, ಪರಸಗಡ ಕೋಟೆ ಇರುವ ಸಾಲು ಈ ಕ್ವಾರ್ಟ್ಜೈಟಿನದು. ಬಿಳಿ–ನಸುಗೆಂಪು ಬಣ್ಣದ ಈ ಕಲ್ಲಿನ ಮೈಮೇಲೆ ಆಳವಿಲ್ಲದ ನೀರಿನಲ್ಲಿ ಮರಳು ಅಲೆಯಾಡಿದ ಗುರುತುಗಳಿವೆ.

ಇದರ ಬುಡದಲ್ಲಿ ಗುಂಡುಕಲ್ಲುಗಳು ಬೆಸೆದು ಆದ ಕಂಗ್ಲಾಮರೇಟ್ ಪದರವೊಂದಿದೆ; ಶಾಸ್ತ್ರದಲ್ಲಿ ಇದು ಸಾಲಗುಂದಿ ಕಂಗ್ಲಾಮರೇಟ್. ಒಂದು ತುಂಡನ್ನು ಕೈಗೆತ್ತಿಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಬಿಳಿಯ ಬೆಣಚುಕಲ್ಲಿನ ಉಂಡೆಗಳ ಜೊತೆಗೆ ರಕ್ತಗೆಂಪಿನ ಜಾಸ್ಪರ್ ಮತ್ತು ಕಪ್ಪು–ಕೆಂಪು ಗೆರೆಯ ಪಟ್ಟೆ ಕಬ್ಬಿಣಶಿಲೆಯ ಉಂಡೆಗಳು ಕಾಣುತ್ತವೆ. ಪಟ್ಟೆ ಕಬ್ಬಿಣಶಿಲೆ ಧಾರವಾಡ ಷಿಸ್ಟ್‌ನ ಮಾಲು. ಅದು ಇಲ್ಲಿ ಉಂಡೆಯಾಗಿ ಸಿಗಬೇಕಾದರೆ, ಕಲಾದಗಿಯ ಮೊದಲ ಮರಳು ಬೀಳುವ ಮುನ್ನವೇ ಷಿಸ್ಟ್ ಗಟ್ಟಿಯಾಗಿ, ಮಡಿಕೆಬಿದ್ದು, ಮೇಲೆದ್ದು, ಒಡೆದು, ಹಳ್ಳದಲ್ಲಿ ಉರುಳಿ ನುಣುಪಾಗಿರಬೇಕು. ವಯಸ್ಸು ಅಳೆಯುವ ಯಂತ್ರವಿಲ್ಲದೆಯೂ ನಾಲ್ಕೈದು ಘಟನೆಗಳ ಅನುಕ್ರಮವನ್ನು ಈ ಒಂದು ಕಲ್ಲು ಹೇಳುತ್ತದೆ. ಭೂನಕ್ಷೆಯಲ್ಲಿ ಈ ಪದರ ತೆಳ್ಳನೆಯ ಗೆರೆಯಾಗಿ ಬರುತ್ತದೆ, ಕೆಲವು ಕಡೆ ಬರುವುದೇ ಇಲ್ಲ. ಅಗಲವಾಗಿ ಬಣ್ಣ ಬಳಿಸಿಕೊಂಡ ಎಷ್ಟೋ ಶಿಲೆಗಳಿಗಿಂತ ಈ ಗೆರೆಯ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಕಲಾದಗಿಯ ಮಡಿಕೆಗಳನ್ನೂ ಪರ್ವತ ನಿರ್ಮಾಣಕ್ಕೆ ಸೇರಿಸಬೇಕು ಎಂಬ ವಾದವುಂಟು. ಲೋಕಾಪುರ, ಸೀಮಿಕೇರಿ, ಬಾಗಲಕೋಟೆಗಳ ನಡುವೆ ಪದರಗಳು ಬಿಗಿಯಾಗಿ ಮಡಿಚಿಕೊಂಡಿರುವುದು ನಿಜ. ಆದರೆ ಆ ಮಡಿಕೆಗಳೊಂದಿಗೆ ಹೇಳಿಕೊಳ್ಳುವಂಥ ರೂಪಾಂತರವಿಲ್ಲ, ಗ್ರಾನೈಟ್ ನುಗ್ಗಿಲ್ಲ. ದಕ್ಷಿಣದ ಅಂಚಿನಲ್ಲಿ, ಅಂದರೆ ಸವದತ್ತಿಯ ಕಡೆ, ಪದರಗಳು ಸೌಮ್ಯವಾಗಿ ಉತ್ತರಕ್ಕೆ ಇಳಿಯುತ್ತವೆ. ತಳದ ನೈಸ್ ಕದಲದೆ, ಮೇಲಿನ ಪದರಗಳು ಮಾತ್ರ ಇಳಿಜಾರಿನಲ್ಲಿ ಜಾರಿ ಮಡಿಚಿಕೊಂಡವು ಎಂಬ ವ್ಯಾಖ್ಯಾನ ಈ ಸಂಗತಿಗಳಿಗೆ ಹೆಚ್ಚು ಹೊಂದುತ್ತದೆ. ಬಾಗಲಕೋಟೆ ಸಮೂಹವನ್ನು ಸೀಳಿ ಬಂದ ಮಲ್ಲಾಪುರದ ಒಳನುಗ್ಗು ಶಿಲೆಗೆ 2018ರಲ್ಲಿ ಪ್ರಕಟವಾದ ಆರ್ಗಾನ್ ಕಾಲಗಣನೆ ಸುಮಾರು 115 ಕೋಟಿ ವರ್ಷ ಕೊಟ್ಟಿದೆ. ಹಾಗಾಗಿ ಆ ಸಮೂಹ ಅದಕ್ಕಿಂತ ಹಳೆಯದು, ಧಾರವಾಡದ ಮಡಿಕೆಗಳಿಗಿಂತ ಬಹಳ ಹೊಸದು.

ಬೈಲಹೊಂಗಲದ ಎರೆ ಹೊಲಗಳ ಕೆಳಗಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ದಖ್ಖನ್ ಬಸಾಲ್ಟ್. ಉತ್ತರ ಮತ್ತು ಪಶ್ಚಿಮಕ್ಕೆ ಇದು ದಪ್ಪವಾಗುತ್ತ ಹೋಗಿ ಹಳೆಯದೆಲ್ಲವನ್ನೂ ಮುಚ್ಚುತ್ತದೆ. ಪರ್ವತಪಟ್ಟಿ ಇಲ್ಲಿಗೆ ಮುಗಿಯಿತೆಂದು ತಿಳಿಯಬೇಕಿಲ್ಲ. ಕೊಯ್ನಾ ಬಳಿಯ ರಾಸಾಟಿಯಲ್ಲಿ ಕೊರೆದ ವೈಜ್ಞಾನಿಕ ಬೋರ್‌ನಲ್ಲಿ ಸುಮಾರು 930 ಮೀಟರ್ ಬಸಾಲ್ಟ್ ದಾಟಿದ ಮೇಲೆ ಗ್ರಾನೈಟ್–ನೈಸ್ ಸಿಕ್ಕಿತು. 1993ರ ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದಾಗ ಸುಮಾರು 338 ಮೀಟರ್ ಕೆಳಗೇ ಬಸಾಲ್ಟ್ ಮುಗಿದು, ತೆಳುವಾದ ಮರಳು–ಜೇಡಿ ಪದರದ ಅಡಿಯಲ್ಲಿ ಹಳೆಯ ತಳಶಿಲೆ ಬಂತು. ಮುರಗೋಡ ಸೀಮೆ ಈ ಪಟ್ಟಿಯ ಕೊನೆಯಲ್ಲ, ಅದು ಹೊದಿಕೆಯೊಳಗೆ ಸೇರುವ ಜಾಗ.

ನಕ್ಷೆ ಬೆಳೆದ ಬಗೆ

ಈ ಭಾಗದ ಮೊದಲ ಸಮಗ್ರ ನಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ (1834–1912) ಅವರದು. ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತ ಅವರ ಗ್ರಂಥ ಸರ್ವೇಕ್ಷಣೆಯ ಸ್ಮರಣಸಂಪುಟಗಳ 12ನೆಯ ಭಾಗವಾಗಿ 1876ರಲ್ಲಿ ಹೊರಬಂತು. ಕಲಾದಗಿ ಶ್ರೇಣಿ ಎಂಬ ಹೆಸರು ಅವರದೇ. ಕಲಾದಗಿ ಆಗ ಜಿಲ್ಲಾ ಕೇಂದ್ರ. ಆ ಗ್ರಂಥದಲ್ಲಿ ಅವರು ಕಲಾದಗಿಯ ತಳದ ಅನನುರೂಪತೆಯನ್ನು ಸ್ಪಷ್ಟವಾಗಿ ಗುರುತಿಸಿದರು, ಆದರೆ ಅದರ ಕೆಳಗಿದ್ದ ಷಿಸ್ಟ್‌ಗಳನ್ನು ನೈಸ್‌ನೊಂದಿಗೇ ಸೇರಿಸಿಬಿಟ್ಟರು. ಅವುಗಳನ್ನು ಪ್ರತ್ಯೇಕಿಸಿ ಧಾರವಾಡ ವ್ಯವಸ್ಥೆ ಎಂದು ಕರೆದದ್ದು 1880ರ ದಶಕದ ಉತ್ತರಾರ್ಧದಲ್ಲಿ, ಬಳ್ಳಾರಿ ಸೀಮೆಯಲ್ಲಿ ಕೆಲಸ ಮಾಡಿದ ಮೇಲೆ. ಕಲ್ಲುಗಳು ಮೊದಲಿನವೇ, ನೋಡಿದವರೂ ಅವರೇ. ಈ ಮಧ್ಯೆ ಅವರಿಗೆ ಷಿಸ್ಟ್‌ಗೂ ನೈಸ್‌ಗೂ ಇರುವ ಸಂಬಂಧ ತಿಳಿದಿತ್ತು.

1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಫೂಟ್ ಅದರ ಮೊದಲ ಮುಖ್ಯಸ್ಥರಾದರು. ಅವರ ನಂತರ ಬಂದ ಡಬ್ಲ್ಯೂ. ಎಫ್. ಸ್ಮೀತ್ 1916ರಲ್ಲಿ ಪ್ರಕಟಿಸಿದ ರೂಪರೇಖೆಯಲ್ಲಿ ಚಿತ್ರವೇ ತಲೆಕೆಳಗಾಯಿತು: ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ಬಹುತೇಕ ಅಗ್ನಿಜನ್ಯ, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿದ್ದು. ಇದಕ್ಕೂ ಆಧಾರವಿತ್ತು. ಹಲವು ಕಡೆ ನೈಸ್ ನಿಜಕ್ಕೂ ಷಿಸ್ಟನ್ನು ಸೀಳಿದೆ. ಮುಂದೆ ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ಷಿಸ್ಟ್‌ಗಳಲ್ಲಿ ನೀರಿನಲ್ಲಿ ಶೇಖರವಾದ ಗುರುತುಗಳನ್ನು ತೋರಿಸಿದರು. ಚಿಕ್ಕಮಗಳೂರು ಬಳಿಯ ಕಾರ್ತಿಕೆರೆಯಲ್ಲಿ ನೈಸ್‌ನ ಮೇಲೆಯೇ ಧಾರವಾಡದ ತಳದ ಕಂಗ್ಲಾಮರೇಟ್ ಕೂತಿದೆ. ಒಂದು ಕಡೆ ಷಿಸ್ಟ್ ಹಳೆಯದು, ಇನ್ನೊಂದು ಕಡೆ ನೈಸ್ ಹಳೆಯದು. ಎರಡೂ ಸರಿಯಾಗಿರಬೇಕಾದರೆ ಷಿಸ್ಟ್ ಎರಡು ಕಾಲದ್ದಾಗಿರಬೇಕು. ಸ್ವಾಮಿನಾಥ್ ಮತ್ತು ರಾಮಕೃಷ್ಣನ್ 1981ರಲ್ಲಿ ಸಂಪಾದಿಸಿದ ಸರ್ವೇಕ್ಷಣೆಯ 112ನೆಯ ಸ್ಮರಣಸಂಪುಟ ಸರಗೂರು, ಧಾರವಾಡ ಎಂಬ ಭೇದವನ್ನು ನಕ್ಷೆಯ ಮೇಲೆ ಗಟ್ಟಿಯಾಗಿ ನೆಲೆಗೊಳಿಸಿತು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಹಸಿರು ಷಿಸ್ಟ್‌ಗಳ ನಡುವೆ ಮೂವತ್ತು ಕೋಟಿ ವರ್ಷಕ್ಕೂ ಮಿಕ್ಕ ಅಂತರವಿದ್ದುದು ಹೀಗೆ ಬಯಲಾಯಿತು. ಒಂದೇ ರಾಜ್ಯದೊಳಗೆ, ನಡೆದು ಹೋಗಿ ನೋಡಬಹುದಾದ ನೆಲದಲ್ಲಿ, ಹೋಲಿಕೆ ಇಷ್ಟು ದೊಡ್ಡ ಮೋಸ ಮಾಡಬಲ್ಲದಾದರೆ ಸಮುದ್ರ ಅಡ್ಡವಿರುವಲ್ಲಿ ಅದನ್ನು ನಂಬುವುದು ಹೇಗೆ?

ಇಬ್ಭಾಗ

ಭಾರತ ಮತ್ತು ಮಡಗಾಸ್ಕರ್ ಗೊಂಡ್ವಾನಾ ಎಂಬ ಮಹಾಖಂಡದಲ್ಲಿ ಒಟ್ಟಿಗಿದ್ದವು. ಸುಮಾರು 16–17 ಕೋಟಿ ವರ್ಷಗಳ ಹಿಂದೆ ಎರಡೂ ಕೂಡಿಯೇ ಆಫ್ರಿಕಾದಿಂದ ಸರಿದವು. 9 ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ ಒಂದರಿಂದೊಂದು ಬೇರೆಯಾದವು. ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪಗಳ ಕಂಬಶಿಲೆಗಳು ಈ ಬೇರ್ಪಡೆಯ ಕಾಲದ ಲಾವಾ. ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಇವುಗಳ ವಯಸ್ಸಿನ ಬಗ್ಗೆ ಎರಡು ಲೆಕ್ಕಗಳಿವೆ. ಟೋರ್ಸ್‌ವಿಕ್ ಮತ್ತು ಸಂಗಡಿಗರು 2000ದಲ್ಲಿ ಯುರೇನಿಯಂ–ಸೀಸ ವಿಧಾನದಿಂದ 9.12 ಕೋಟಿ ವರ್ಷ ಎಂದರು, ಮಡಗಾಸ್ಕರ್‌ನ ಅನಲಲಾವಾ ಗ್ಯಾಬ್ರೋಗೆ 9.16 ಕೋಟಿ ಬಂತು. ಪಾಂಡೆ ಮತ್ತು ಸಂಗಡಿಗರ 2001ರ ಆರ್ಗಾನ್ ಕಾಲಗಣನೆ 8.56 ಕೋಟಿ ಕೊಟ್ಟಿತು. ಲೆಕ್ಕ ಯಾವುದೇ ಆಗಲಿ, ಮಡಗಾಸ್ಕರ್‌ನ ಪೂರ್ವ ಕರಾವಳಿಯುದ್ದಕ್ಕೂ ಹರಡಿದ ಲಾವಾದ ಕಾಲಾವಧಿಯೊಳಗೇ ಅದು ಬೀಳುತ್ತದೆ.

ನಡುವಿನ ಸಾಗರದಲ್ಲೂ ಚೂರುಗಳು ಉಳಿದಿವೆ. ಮಾರಿಷಸ್‌ನ ಸುಮಾರು 60 ಲಕ್ಷ ವರ್ಷ ಹಿಂದಿನ ಲಾವಾದಲ್ಲಿ 250ರಿಂದ 300 ಕೋಟಿ ವರ್ಷ ವಯಸ್ಸಿನ ಜಿರ್ಕಾನ್ ಹರಳುಗಳು ಸಿಕ್ಕಿವೆ ಎಂದು 2017ರಲ್ಲಿ ಪ್ರಕಟವಾಯಿತು. ಲಾವಾ ಮೇಲೆ ಬರುವಾಗ ಕೆಳಗೆ ಅಡಗಿದ್ದ ಹಳೆಯ ಖಂಡದ ತುಣುಕನ್ನು ಹಾದು ಬಂದಿದೆ ಎಂಬುದು ಇದರ ಅರ್ಥ.

ಮಡಗಾಸ್ಕರ್‌ನ ಪಾಲು

ಈಶಾನ್ಯ ಮಡಗಾಸ್ಕರ್‌ನ ಅಂತೋಂಗಿಲ್ ಕೊಲ್ಲಿಯ ಸುತ್ತ ಮತ್ತು ಅದರ ದಕ್ಷಿಣಕ್ಕೆ ಮಸೋರಾ ಎಂಬಲ್ಲಿ ಹಳೆಯ ತೊಗಟೆಯ ತುಂಡುಗಳಿವೆ. ಫ್ರೆಂಚ್ ಭೂವಿಜ್ಞಾನಿ ಆನ್ರಿ ಬೆಸೇರಿ ಇಡೀ ದ್ವೀಪದ 1:10,00,000 ನಕ್ಷೆಯನ್ನು 1964ರಲ್ಲಿ ಪ್ರಕಟಿಸಿದರು. 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಬ್ರಿಟನ್, ಅಮೆರಿಕ, ಫ್ರಾನ್ಸ್, ದಕ್ಷಿಣ ಆಫ್ರಿಕಾಗಳ ಸರ್ವೇಕ್ಷಣೆಗಳು ದ್ವೀಪವನ್ನು ಹೊಸದಾಗಿ ನಕ್ಷೆಗಿಳಿಸಿದವು. ಅಂತೋಂಗಿಲ್‌ನ ವಿವರಗಳು 2010ರ ವೇಳೆಗೆ ಹೊರಬಂದವು: ತಳದಲ್ಲಿ 330–310 ಕೋಟಿ ವರ್ಷದ ನೈಸ್, ಅದರ ಮೇಲೆ ರೂಪಾಂತರಗೊಂಡ ಪದರಗಳು, ಎಲ್ಲವನ್ನೂ ಸೀಳಿ ಬಂದ ಸುಮಾರು 250 ಕೋಟಿ ವರ್ಷದ ಗ್ರಾನೈಟ್. ನೈಸ್‌ಗೆ ಕೊಟ್ಟ ನೋಸಿ ಬೊರಾಹಾ ಎಂಬ ಹೆಸರು ಅಲ್ಲಿನ ಕಡಲತಡಿಯ ದ್ವೀಪವೊಂದರದು. ಆ ದ್ವೀಪಕ್ಕೆ ಸೇಂಟ್ ಮೇರಿ ಎಂಬ ಹೆಸರೂ ಇದೆ; ಮಲ್ಪೆಯ ದ್ವೀಪಗಳ ಹೆಸರಿನೊಂದಿಗಿನ ಹೋಲಿಕೆ ಕೇವಲ ಕಾಕತಾಳೀಯ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಆಸ್ಟ್ರೇಲಿಯದ ಪಿಲ್ಬರಾ, ದಕ್ಷಿಣ ಆಫ್ರಿಕಾದ ಕಾಪ್ವಾಲ್ ಕ್ರೇಟಾನ್‌ಗಳಲ್ಲೂ ಮುನ್ನೂರು ಕೋಟಿ ವರ್ಷ ಮೀರಿದ ನೈಸ್ ಇದೆ, ಹಸಿರು ಷಿಸ್ಟ್ ಇದೆ. ಹಾಗಿದ್ದರೆ ಧಾರವಾಡಕ್ಕೆ ಅಂತೋಂಗಿಲ್ ಮಾತ್ರ ಏಕೆ ಸಂಬಂಧಿ? ಅಣ್ಣತಮ್ಮಂದಿರ ಹೊಲ ಒಂದೇ ಆಸ್ತಿಯಾಗಿತ್ತು ಎಂದು ತೋರಿಸಲು ಮಣ್ಣಿನ ಬಣ್ಣ ಸಾಲದು, ಪಹಣಿಯ ಹಳೆಯ ನಮೂದುಗಳೂ ಬಾಂದಗಲ್ಲೂ ಕೂಡಿಬರಬೇಕು. ಅಂತೋಂಗಿಲ್ ವಿಷಯದಲ್ಲಿ ಮೂರು ಬೇರೆ ಬೇರೆ ದಾಖಲೆಗಳು ಕೂಡಿಬರುತ್ತವೆ. ಸಾಗರತಳದ ಕಾಂತೀಯ ಪಟ್ಟೆಗಳನ್ನು ಹಿಂದಕ್ಕೆ ಸರಿಸಿದರೆ ಮಡಗಾಸ್ಕರ್‌ನ ಪೂರ್ವ ಕರಾವಳಿ ಭಾರತದ ಪಶ್ಚಿಮ ಕರಾವಳಿಗೆ ಒತ್ತಿಕೊಳ್ಳುತ್ತದೆ. ಬೇರ್ಪಡೆಯ ಲಾವಾ ಎರಡೂ ಕಡೆ ಇದೆ. ನೈಸ್, ಅದರ ಸವೆತ, ಮೇಲಿನ ಪದರ, ಮಡಿಕೆ, ಗ್ರಾನೈಟ್ ಎಂಬ ಅನುಕ್ರಮ ಎರಡೂ ಕಡೆ ಒಂದೇ. ಮೂರರಲ್ಲಿ ಒಂದನ್ನೇ ಹಿಡಿದರೆ ಪಿಲ್ಬರಾದ ಹಕ್ಕೂ ನಿಲ್ಲುತ್ತದೆ. ಮೂರನ್ನೂ ಹಿಡಿದರೆ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಇನ್ನಷ್ಟು ಗಟ್ಟಿ. ಅಂತೋಂಗಿಲ್‌ನ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಪಶ್ಚಿಮ ಧಾರವಾಡದ ಕೊನೆಯ ದೊಡ್ಡ ಗ್ರಾನೈಟ್‌ಗಳು ಸುಮಾರು 260 ಕೋಟಿ ವರ್ಷದವು. 250ರ ಹತ್ತಿರದವು ಹೆಚ್ಚಾಗಿ ಪೂರ್ವ ಧಾರವಾಡದಲ್ಲಿವೆ. ಮರುಜೋಡಣೆಯಲ್ಲಾದರೋ ಅಂತೋಂಗಿಲ್ ಪಕ್ಕಕ್ಕೆ ಬರುವುದು ಪಶ್ಚಿಮ ಧಾರವಾಡ. ನೈಸ್ ಪಶ್ಚಿಮದಂತೆ, ಗ್ರಾನೈಟ್ ಪೂರ್ವದಂತೆ ಎಂಬ ಈ ತೊಡಕಿಗೆ ಪೂರ್ತಿ ಪರಿಹಾರ ದೊರೆತಿಲ್ಲ. ಆದರೆ ಇದರಿಂದ ಸಂಬಂಧವೇ ಇಲ್ಲವೆಂದಾಗುವುದಿಲ್ಲ. ಒಂದೇ ಪರ್ವತಪಟ್ಟಿಯ ಎರಡು ಅಂಚುಗಳಲ್ಲಿ ಗ್ರಾನೈಟ್ ಒಂದೇ ಹೊತ್ತಿಗೆ ಏಳಬೇಕೆಂಬ ನಿಯಮವಿಲ್ಲ. ಕರ್ನಾಟಕದೊಳಗೇ ಪೂರ್ವ–ಪಶ್ಚಿಮಗಳ ನಡುವೆ ಆ ಅಂತರವಿದೆಯಲ್ಲ.

ಮೂರನೆಯದು ಪಟ್ಟಿಯ ಪಶ್ಚಿಮದ ಗಡಿ ಎಲ್ಲಿ ಎಂಬ ಪ್ರಶ್ನೆ. ಅಂತೋಂಗಿಲ್‌ನ ಪಶ್ಚಿಮಕ್ಕೆ ಬೆಟ್ಸಿಮಿಸರಾಕಾ ಎಂಬ ವಲಯವಿದೆ. ಕಾಲಿನ್ಸ್ ಮತ್ತು ವಿಂಡ್ಲಿ 2002ರಲ್ಲಿ ಇದನ್ನು ಸುಮಾರು 55 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾ ಕೂಡುವಾಗ ಮುಚ್ಚಿದ ಸಾಗರದ ಬೆಸುಗೆಯೆಂದು ವಾದಿಸಿದರು. ಹಾಗಾದರೆ ಅಂತೋಂಗಿಲ್–ಮಸೋರಾ ಮಾತ್ರ ಧಾರವಾಡದ ಪಾಲು. ರಾಜಧಾನಿ ಅಂತನನರಿವೊ ಇರುವ ನಡುಭಾಗ ಬೇರೆ ಖಂಡದ್ದು. ಟಕ್ಕರ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಅಲ್ಲಗಳೆದು, ನಡುಭಾಗವೂ ಸೇರಿದ ಬೃಹತ್ ಧಾರವಾಡ ಕ್ರೇಟಾನ್‌ನ ಕಲ್ಪನೆ ಮುಂದಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದ ತಂಡವೊಂದು 2013ರಲ್ಲಿ ಉತ್ತರ ಕನ್ನಡದ ಕುಮಟಾದಲ್ಲಿ ಸುಮಾರು 15 ಕಿ.ಮೀ. ಅಗಲದ ಬೆಸುಗೆ ವಲಯವನ್ನು ಗುರುತಿಸಿ, ಅದರ ಅಭ್ರಕದ ಷಿಸ್ಟ್‌ಗೆ 130 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು ಕೊಟ್ಟು, ಅದನ್ನು ಬೆಟ್ಸಿಮಿಸರಾಕಾದ ಮುಂದುವರಿಕೆ ಎಂದಿತು. ಆ ಪ್ರಕಾರ ಕಾರವಾರದ ಕರಾವಳಿ ಬೆಸುಗೆಯ ಆಚೆ ಬದಿಗೆ, ಕಿತ್ತೂರು–ಮುರಗೋಡಗಳು ಈಚೆ ಬದಿಗೆ ಬೀಳುತ್ತವೆ.

ಈ ಮೂರು ಪಕ್ಷಗಳಲ್ಲಿ ಕುಮಟಾ ಪಕ್ಷ ಪರೀಕ್ಷೆಗೆ ಹೆಚ್ಚು ಒಡ್ಡಿಕೊಂಡಿದೆ, ಏಕೆಂದರೆ ಅದು ನೆಲದ ಮೇಲೆ ತೋರಿಸಬಹುದಾದ ಗೆರೆಯನ್ನು ಹೇಳುತ್ತದೆ. ಆದರೆ 55 ಕೋಟಿಯ ಬೆಸುಗೆಗೂ 130 ಕೋಟಿಯ ಬೆಸುಗೆಗೂ ಒಂದೇ ಗೆರೆ ಎಳೆಯುವುದು ಕಷ್ಟ. ಹಳೆಯ ಸಂದಿನಲ್ಲೇ ಹೊಸ ಕದಲಿಕೆ ಆಗಿರಬಹುದು ಎಂಬ ಉತ್ತರವಿದೆ, ಅದನ್ನು ಕರ್ನಾಟಕದ ಬದಿಯಲ್ಲಿ ಸಾಧಿಸಿ ತೋರಿಸಬೇಕು. 55 ಕೋಟಿ ವರ್ಷಗಳ ಹಿಂದಿನ ಕಾವು ಮಡಗಾಸ್ಕರ್‌ನ ನಡುಭಾಗವನ್ನು ಜೋರಾಗಿ ಬೇಯಿಸಿದೆ, ಅಂತೋಂಗಿಲ್ ಅನ್ನು ಬಹುಮಟ್ಟಿಗೆ ಬಿಟ್ಟಿದೆ. ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿರುವ ಬಾದಾಮಿ ಮರಳುಗಲ್ಲೂ ಸವದತ್ತಿಯ ಕ್ವಾರ್ಟ್ಜೈಟೂ ಅಂಥ ಕಾವು ಧಾರವಾಡದ ಉತ್ತರದಂಚನ್ನು ಮುಟ್ಟಲಿಲ್ಲ ಎಂದು ಸಾರುತ್ತವೆ. ಮಡಗಾಸ್ಕರ್‌ನಲ್ಲಿ ಅಳಿಸಿಹೋದ ಪುಟಗಳನ್ನು ಓದಲು ಈ ಬದಿಯ ಅನುಕ್ರಮ ಬೇಕಾಗುವುದು ಇದರಿಂದಲೇ.

ನಕ್ಷೆಯ ಪ್ರಕಾರಗಳು

ಭಾರತದಲ್ಲಿ ಪ್ರಾದೇಶಿಕ ನಕ್ಷೆ 1:50,000 ಪ್ರಮಾಣದ್ದು. ಖನಿಜ ಅಥವಾ ರಚನೆಯ ವಿಶೇಷ ಅಧ್ಯಯನಕ್ಕೆ 1:25,000. ಇವಲ್ಲದೆ ರೂಪಾಂತರದ ಮಟ್ಟ, ಗುರುತ್ವ, ಕಾಂತೀಯತೆ, ಮಣ್ಣು–ಹಳ್ಳದ ಮರಳಿನ ರಾಸಾಯನಿಕ ಅಂಶಗಳನ್ನು ತೋರಿಸುವ ನಕ್ಷೆಗಳಿವೆ. ಆಳವನ್ನು ತೋರಿಸುವ ಛೇದನಕ್ಷೆಗೆ 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕಾವಲಿ–ಉಡುಪಿ ರೇಖೆಯ ಮೇಲೆ ನಡೆಸಿದ ಭೂಕಂಪನ ಅಳತೆ ಅಡಿಪಾಯ. ಧಾರವಾಡವನ್ನು ಅಡ್ಡಲಾಗಿ ಸೀಳಿದ ಈ ರೇಖೆ ಭಾರತದಲ್ಲಿ ಆ ಬಗೆಯ ಮೊದಲನೆಯದು. ಮರುಜೋಡಣೆ ನಕ್ಷೆ ಬೇರೆಯೇ ಜಾತಿ. ಅದು ಅಳತೆಯ ದಾಖಲೆಗಿಂತ ಊಹೆಯ ಚಿತ್ರ, ಮತ್ತು ಹಲವು ಪಠ್ಯಗಳಲ್ಲಿ ಎರಡನ್ನೂ ಒಂದೇ ಬಣ್ಣಗಳಲ್ಲಿ ಅಚ್ಚುಹಾಕಿ ಓದುಗರನ್ನು ದಾರಿತಪ್ಪಿಸಲಾಗುತ್ತದೆ.

ಉಪಯೋಗ

ಗದಗ ಮತ್ತು ಹಟ್ಟಿಯ ಚಿನ್ನ, ಬಳ್ಳಾರಿ–ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಧಾರವಾಡ ಷಿಸ್ಟ್ ಪಟ್ಟಿಗಳವು. ಬಾಗಲಕೋಟೆ–ಲೋಕಾಪುರ ಭಾಗದ ಸಿಮೆಂಟಿಗೆ ಕಲಾದಗಿಯ ಸುಣ್ಣಕಲ್ಲು ಆಧಾರ. ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ನವಿಲುತೀರ್ಥದಲ್ಲಿ ಹೊಳೆ ಕ್ವಾರ್ಟ್ಜೈಟ್ ಸಾಲನ್ನು ಇಕ್ಕಟ್ಟಾಗಿ ಸೀಳಿದೆ; ಕಿರಿದಾದ ಕಣಿವೆ, ಗಟ್ಟಿ ಬುಡ ಎರಡೂ ಒಂದೇ ಕಡೆ ಸಿಕ್ಕಿದ ಕಾರಣ ರೇಣುಕಾ ಸಾಗರ ಅಲ್ಲಿ ನಿಂತಿದೆ.

ಈ ಸೀಮೆಯ ರೈತರಿಗೆ ನಕ್ಷೆಯ ಬಳಕೆ ಮುಖ್ಯವಾಗಿ ನೀರಿಗೆ. ಬಸಾಲ್ಟ್‌ನಲ್ಲಿ ಒಂದು ಲಾವಾ ಪದರಕ್ಕೂ ಮುಂದಿನದಕ್ಕೂ ನಡುವಿನ ಸಡಿಲ ಭಾಗದಲ್ಲಿ ನೀರು ನಿಲ್ಲುತ್ತದೆ, ಕ್ವಾರ್ಟ್ಜೈಟ್‌ನಲ್ಲಿ ಸೀಳುಗಳಿದ್ದರೆ ಮಾತ್ರ, ನೈಸ್‌ನಲ್ಲಿ ಮೇಲಿನ ಗರಸಿನಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಎರೆ ಮುಗಿದು ಮಸಾರಿ ಶುರುವಾಗುವ ಗೆರೆ ಹಲವು ಕಡೆ ಶಿಲೆ ಬದಲಾಗುವ ಗೆರೆಯೂ ಹೌದು. ಅಲ್ಲಿ ಪಕ್ಕದ ಹೊಲದ ಬೋರಿನ ಆಳ ನೋಡಿ ತನ್ನ ಹೊಲದಲ್ಲಿ ಕೊರೆಸುವುದು ಅಪಾಯದ ಲೆಕ್ಕ.

ಇಂದಿನ ಸ್ಥಿತಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ತನ್ನ ನಕ್ಷೆಗಳನ್ನು ಭೂಕೋಶ ಎಂಬ ಜಾಲತಾಣದಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. 1958ರಲ್ಲಿ ಸ್ಥಾಪನೆಯಾಗಿ ಬಿ. ಪಿ. ರಾಧಾಕೃಷ್ಣ (1918–2012) ಅವರ ಸಂಪಾದಕತ್ವದಲ್ಲಿ ಬೆಳೆದ ಭಾರತೀಯ ಭೂವೈಜ್ಞಾನಿಕ ಸಂಘದ ಪ್ರಕಟಣೆಗಳು ಧಾರವಾಡ ಮತ್ತು ಕಲಾದಗಿ ಎರಡಕ್ಕೂ ಮುಖ್ಯ ಆಕರ. ಕಲಾದಗಿಯ ಪದರಗಳಿಗೆ ಈಗ ಬಳಕೆಯಲ್ಲಿರುವ ಹೆಸರುಗಳು 1987ರಲ್ಲಿ ಈ ಸಂಘ ಪ್ರಕಟಿಸಿದ ಸಂಪುಟದಿಂದ ನೆಲೆನಿಂತವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಈ ಸೀಮೆ ಮನೆಯಂಗಳದಷ್ಟು ಹತ್ತಿರ.

ತೀರ್ಮಾನವಾಗದೆ ಉಳಿದ ಪ್ರಶ್ನೆಗಳಲ್ಲಿ ಎರಡು ನೇರವಾಗಿ ಮುರಗೋಡ ಸೀಮೆಗೆ ಸಂಬಂಧಿಸಿವೆ. ಕಲಾದಗಿಯ ಪದರಗಳು ಶೇಖರವಾಗತೊಡಗಿದ್ದು ಯಾವಾಗ ಎಂಬುದು ಒಂದು. ಒಳನುಗ್ಗಿದ ಶಿಲೆಯ ವಯಸ್ಸು ಮೇಲಿನ ಮಿತಿಯನ್ನಷ್ಟೇ ಕೊಡುತ್ತದೆ, ತಳದ ಮಿತಿಗೆ ಮರಳಿನ ಜಿರ್ಕಾನ್ ಹರಳುಗಳನ್ನೇ ನೆಚ್ಚಬೇಕು. ಕುಮಟಾ ಬೆಸುಗೆ ಉತ್ತರಕ್ಕೆ ಬಸಾಲ್ಟ್ ಹೊದಿಕೆಯ ಕೆಳಗೆ ಎಲ್ಲಿ ಹಾಯುತ್ತದೆ ಎಂಬುದು ಇನ್ನೊಂದು. ಗುರುತ್ವ ಮತ್ತು ಕಾಂತೀಯ ಅಳತೆಗಳು ಅದರ ದಿಕ್ಕನ್ನು ಸೂಚಿಸಬಲ್ಲವು, ಶಿಲೆಯನ್ನು ಕೈಗೆ ಕೊಡಲಾರವು. ಕೊಯ್ನಾ, ಕಿಲ್ಲಾರಿಗಳಲ್ಲಿ ಮಾಡಿದಂತೆ ಬೆಳಗಾವಿಯ ಪಶ್ಚಿಮಕ್ಕೂ ಲಾವಾ ದಾಟಿ ತಳಶಿಲೆಯವರೆಗೆ ಕೊರೆದರೆ, ಬೆಸುಗೆಯ ಈಚೆ ಬದಿ ಎಲ್ಲಿಯವರೆಗೆ ಎಂಬುದನ್ನು ಕಲ್ಲು ಹಿಡಿದು ಹೇಳಬಹುದು.